ತಾಯಿ ಹೊಲಿದಿಟ್ಟ ಚೌಕಗಳಿಂದ ಕೌದಿ ಪೂರೈಸುವ ಬಗೆ

ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಪದರಪದರವಾಗಿ ಹಾಸಿ, ಕೈಹೊಲಿಗೆಯಿಂದ ಒಂದಾಗಿಸಿದ ಹೊದಿಕೆಗೆ ಉತ್ತರ ಕರ್ನಾಟಕದಲ್ಲಿ ಕೌದಿ ಎನ್ನುತ್ತಾರೆ. ಪುಣೆ, ಮುಂಬಯಿಗಳ ನೆರೆಹೊರೆಯಲ್ಲಿ ನಾವು ಕಾಣುವ ಗೋಧಡಿ, ಬಂಗಾಳದ ಕಾಂಥಾ, ಬಿಹಾರದ ಸುಜನಿ ಇವೆಲ್ಲ ಇದರ ಬಳಗಕ್ಕೆ ಸೇರಿದವು. ರಜಾಯಿಯಂತೆ ಇದರ ಒಳಗೆ ಅರಳೆ ತುಂಬುವುದಿಲ್ಲ. ಬಟ್ಟೆಯ ಪದರಗಳೇ ಇದರ ಬೆಚ್ಚಗೆ. ಊರಿನಿಂದ ನಗರಕ್ಕೆ ಬಂದು ನೆಲೆಸಿದ ನಮ್ಮ ಕುಟುಂಬಗಳ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ, ತಾಯಂದಿರು ಹೊಲಿಯಲಾರಂಭಿಸಿ ಮುಗಿಸದೆ ಬಿಟ್ಟ ಕೌದಿಯ ತುಂಡುಗಳು ಅನೇಕ ಕಡೆ ಉಳಿದಿರುತ್ತವೆ. ಎಸೆಯಲು ಮನಸ್ಸು ಬಾರದು, ಕೈಹಾಕಲು ಧೈರ್ಯ ಸಾಲದು. ಅಂತಹ ಗಂಟೊಂದನ್ನು ನಮ್ಮ ಮನೆಯಲ್ಲಿ ಬಿಚ್ಚಿ ಪೂರೈಸಿದಾಗ ತಿಳಿದುಬಂದ ಸಂಗತಿಗಳನ್ನು ಇಲ್ಲಿ ದಾಖಲಿಸುತ್ತಿದ್ದೇವೆ.

ಅವ್ವ ಬಿಟ್ಟುಹೋದದ್ದು 38 ಚೌಕಗಳು. ಪ್ರತಿಯೊಂದೂ ಸುಮಾರು 9 ಅಂಗುಲ. ಇಳಕಲ್ ಸೀರೆಯ ಒಡಲು, ಸೆರಗು, ಗುಳೇದಗುಡ್ಡದ ಖಣ, ಅಪ್ಪನ ಧೋತರದ ಅಂಚು ಇವುಗಳಿಂದ ಕೂಡಿಸಿದವು. ಮೊದಲಿಗೆ ನಾವು ಮಾಡಿದ್ದು, ಹಗಲು ಬೆಳಕಿನಲ್ಲಿ ಎಲ್ಲವನ್ನೂ ನೆಲದ ಮೇಲೆ ಹರಡಿ ಎಣಿಸಿ ಅಳೆದು, ಹಿಂದೆ ಮುಂದೆ ಛಾಯಾಚಿತ್ರ ತೆಗೆದಿಟ್ಟದ್ದು. ಒಗೆಯುವ ಅವಸರ ಬೇಡ. ಹಳೆಯ ಕೆಂಪು, ಕಡುನೀಲಿ ಬಣ್ಣಗಳು ಬಿಡುವುದುಂಟು. ಬಿಳಿಯ ಹತ್ತಿ ಬಟ್ಟೆಯನ್ನು ತೋಯಿಸಿ ಒಂದು ಮೂಲೆಗೆ ಒತ್ತಿ ನೋಡಿದರೆ ತಿಳಿಯುತ್ತದೆ. ಬಣ್ಣ ಬಿಡುವ ತುಂಡಿದ್ದರೆ ಕೊನೆಯವರೆಗೂ ತಣ್ಣೀರೇ ಗತಿ. ಇಳಕಲ್ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ನೂಲು ಬೇರೆ ಇರುತ್ತದೆ. ಕೊಂಡಿ ಹಾಕಿ ಅವೆರಡನ್ನು ಕೂಡಿಸಿ ನೇಯುತ್ತಾರೆ. ಒಡಲು ಹತ್ತಿಯದಾಗಿ, ಸೆರಗು ರೇಷ್ಮೆ ಅಥವಾ ಕೃತಕ ರೇಷ್ಮೆಯದಾಗಿದ್ದಲ್ಲಿ ಒಂದೇ ಚೌಕದಲ್ಲಿ ಎರಡು ಸ್ವಭಾವದ ಬಟ್ಟೆ ಸೇರಿರುತ್ತದೆ. ಬಿಸಿ ಇಸ್ತ್ರಿ ಇಟ್ಟರೆ ಕೃತಕ ರೇಷ್ಮೆ ಕೆಡುತ್ತದೆ. ಮಡಿಕೆ ಬಿದ್ದ ಗೆರೆಯುದ್ದಕ್ಕೂ ಹಳೆಯ ರೇಷ್ಮೆ ಬಿರಿದಿರುವುದನ್ನೂ ನೋಡಬೇಕು; ಹಾಗಿದ್ದ ಚೌಕಗಳ ಹಿಂದೆ ತೆಳುವಾದ ಮಲ್ಮಲ್ ಕೊಟ್ಟು ಹೊಲಿದ ಮೇಲೆಯೇ ಮುಂದಿನ ಕೆಲಸ.

ಕೊನೆಯ ಚೌಕದಲ್ಲಿ ಸೂಜಿ ಹಾಗೆಯೇ ಇತ್ತು. ತುಕ್ಕು ಹಿಡಿದು ಬಟ್ಟೆಗೆ ಕಲೆಯಾಗಿತ್ತು. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟರೆ ಹತ್ತಿಬಟ್ಟೆಯ ತುಕ್ಕಿನ ಕಲೆ ತಿಳಿಯಾಗುತ್ತದೆ, ನಿಜ. ಆದರೆ ಹುಳಿಗೆ ಬಣ್ಣವೂ ಹೋಗಬಹುದು, ಜೀರ್ಣವಾದ ಎಳೆಯೂ ಸಡಿಲವಾಗಬಹುದು. ನಾವು ಕಲೆಯನ್ನು ಹಾಗೆಯೇ ಬಿಟ್ಟೆವು.

ಇನ್ನು ಲೆಕ್ಕ. ಅಡ್ಡಕ್ಕೆ 6, ಉದ್ದಕ್ಕೆ 8 ಎಂದರೆ 48 ಚೌಕಗಳು ಬೇಕು. ಆಗ 54 ಅಂಗುಲ ಅಗಲ, 72 ಅಂಗುಲ ಉದ್ದ. ಸುತ್ತಲೂ 3 ಅಂಗುಲದ ಅಂಚು ಕೊಟ್ಟರೆ 60ಕ್ಕೆ 78 ಆಗಿ ಒಬ್ಬರು ಹೊದೆಯಲು ಧಾರಾಳ. ನಮಗೆ 10 ಚೌಕ ಕಡಿಮೆ ಬಿದ್ದವು. ಅಡ್ಡಕ್ಕೆ 5, ಉದ್ದಕ್ಕೆ 7 ಇಟ್ಟು 35ರಲ್ಲೇ ಮುಗಿಸಿ, ಅಂಚನ್ನು 6 ಅಂಗುಲಕ್ಕೆ ಹೆಚ್ಚಿಸುವ ಮಾರ್ಗವೂ ಇತ್ತು. ಆಗ 3 ಚೌಕಗಳು ಹೊರಗುಳಿಯುತ್ತಿದ್ದವು, ಅವು ಯಾವುವು ಎಂಬ ಪ್ರಶ್ನೆ ಏಳುತ್ತಿತ್ತು. ಹೀಗಾಗಿ 10 ಹೊಸ ಚೌಕಗಳನ್ನು ನಾವೇ ಹೊಲಿದೆವು, ಅವ್ವ ಉಡುತ್ತಿದ್ದ ಎರಡು ಸೀರೆಗಳಿಂದ. ಅಂಗಡಿಯ ಹೊಸ ಬಟ್ಟೆ ತರಲಿಲ್ಲ. ಅದು ಭಾವನೆಯ ಮಾತಷ್ಟೇ ಅಲ್ಲ: ಹೊಸ ಹತ್ತಿ ಮೊದಲ ಒಗೆತಕ್ಕೆ ಕುಗ್ಗಿ, ಪಕ್ಕದ ಹಳೆಯ ಬಟ್ಟೆಯನ್ನು ಜಗ್ಗುತ್ತದೆ.

ನಮ್ಮೊಳಗೆ ಭಿನ್ನಾಭಿಪ್ರಾಯ ಬಂದದ್ದು ಕಡೆಯ ಆರು ಚೌಕಗಳ ವಿಷಯದಲ್ಲಿ. ಕಣ್ಣು ಮಂದವಾದ ಮೇಲೆ ಅವ್ವ ಹೊಲಿದವು ಅವು. ಹೊಲಿಗೆ ಡೊಂಕಾಗಿತ್ತು, ಒಂದು ಬದಿ 9 ಅಂಗುಲವಿದ್ದರೆ ಇನ್ನೊಂದು ಬದಿ ಎಂಟೂವರೆ. ಬಿಚ್ಚಿ ಸರಿಪಡಿಸೋಣವೆಂದು ತಂಗಿ ಕತ್ತರಿ ಹಿಡಿದಳು. "ಆಕಿ ಹೊಲಿದದ್ದು ಹಂಗ ಇರ್ಲಿ ಬಿಡು" ಎಂದರು ಅಕ್ಕ. ಎರಡು ವಾರ ಆ ಗಂಟು ಮತ್ತೆ ಟ್ರಂಕು ಸೇರಿತು. ಬಿಚ್ಚದೆಯೂ ಕೂಡಿಸುವ ದಾರಿ ಕೌದಿಯ ಪದ್ಧತಿಯಲ್ಲೇ ಇದೆಯೆಂಬುದು ಆಗ ನಮಗೆ ಹೊಳೆದಿರಲಿಲ್ಲ.

ಆ ದಾರಿ ಸ್ಪಷ್ಟವಾಗಿ ಕಾಣುವುದು ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಹೆಣ್ಣುಮಕ್ಕಳ ಕೈಯಲ್ಲಿ. ಆಫ್ರಿಕಾ ಮೂಲದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಭಾಗಗಳಲ್ಲಿ ತಲೆಮಾರುಗಳಿಂದ ನೆಲೆಸಿದ್ದಾರೆ. ಅಲ್ಲಿನ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅವರ ಕವದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಅವರು ಚೌಕಗಳನ್ನು ಮೊದಲೇ ಕೂಡಿಸುವುದಿಲ್ಲ. ತಳದ ಬಟ್ಟೆ ಹಾಸಿ, ಅದರ ಅಂಚಿನಿಂದ ಆರಂಭಿಸಿ, ತುಂಡನ್ನು ಇಟ್ಟು ಬದಿಯನ್ನು ಒಳಮಡಚಿ ಹೊಲಿಯುತ್ತ ಸುತ್ತುಸುತ್ತಾಗಿ ನಡುವಿಗೆ ಬರುತ್ತಾರೆ. ತುಂಡುಗಳ ಅಳತೆ ಒಂದೇ ಇರಬೇಕೆಂಬ ಹಂಗಿಲ್ಲ; ಒಂದರ ಮೇಲೊಂದು ತುಸು ಹತ್ತಿದರಾಯಿತು. ನಾಲ್ಕು ಮೂಲೆಗಳಿಗೆ ಮಡಚಿದ ಬಟ್ಟೆಯ ಹೂವು ಇಡುತ್ತಾರೆ. ಅದನ್ನು ಫುಲ ಎನ್ನುತ್ತಾರೆ. ಅದಿಲ್ಲದ ಕವದಿ ಬತ್ತಲೆ ಎಂಬುದು ಅವರ ಮಾತು.

ನಾವು ಎರಡನ್ನೂ ಬೆರೆಸಿದೆವು. ಅಳತೆ ಸರಿಯಿದ್ದ ಚೌಕಗಳನ್ನು ಕಾಲು ಅಂಗುಲ ಒಳಗೆ ಬಿಟ್ಟು ಒಂದಕ್ಕೊಂದು ಕೂಡಿಸಿ, ಡೊಂಕಾದ ಆರನ್ನು ತಳಬಟ್ಟೆಯ ಮೇಲೆ ಇಟ್ಟು ಬದಿ ಮಡಚಿ ಹೊಲಿದೆವು. ಅಂತರ ಉಳಿದಲ್ಲಿ ಧೋತರದ ಅಂಚಿನ ಪಟ್ಟಿ ಹಾಯಿಸಿದೆವು. ತಳಕ್ಕೆ ಆರು ಗಜದ ಹತ್ತಿ ಸೀರೆಯಿಂದ 84 ಅಂಗುಲದ ಎರಡು ತುಂಡು ಕತ್ತರಿಸಿ ಪಕ್ಕಪಕ್ಕಕ್ಕೆ ಕೂಡಿಸಿದರೆ ಒಂದು ಪದರವಾಗುತ್ತದೆ. ಹೊಲಿಯುತ್ತ ಹೋದಂತೆ ಬಟ್ಟೆ ಸೇದಿಕೊಳ್ಳುವುದರಿಂದ ತಳ ಪ್ರತಿ ಬದಿಗೂ ಎರಡು ಅಂಗುಲವಾದರೂ ಹೆಚ್ಚಿರಬೇಕು. ಪುಣೆಯ ಚಳಿಗೆ ಮೇಲಿನದೂ ಸೇರಿ ಮೂರು ಪದರ ಸಾಕು. ಇಡಿಯದನ್ನು ಮೊದಲು ಕಚ್ಚಾ ಹೊಲಿಗೆಯಿಂದ ಹಿಡಿದಿಟ್ಟು, ಬಳಿಕ ಅರ್ಧ ಅಂಗುಲದಿಂದ ಒಂದು ಅಂಗುಲದ ಅಂತರದಲ್ಲಿ ಸಾಲು ಹೊಲಿಗೆ. ದಬ್ಬಣ ಬೇಡ, ಜೀರ್ಣವಾದ ಬಟ್ಟೆಯಲ್ಲಿ ಅದು ತೂತು ಮಾಡುತ್ತದೆ. ದಾರ ಹತ್ತಿಯದೇ ಇರಲಿ. ಯಂತ್ರದ ಹೊಲಿಗೆ ಬೇಗ ಮುಗಿಯುತ್ತದೆ; ಆದರೆ ಒಂದೇ ಬಿಗಿಯಲ್ಲಿ ಓಡುವ ಅದರ ದಾರ ಹಳೆಯ ಸೀರೆಗೆ ಹೊಂದುವುದಿಲ್ಲವೆಂದು ನಮ್ಮ ಅನಿಸಿಕೆ.

ಅವ್ವನ ದಾರ ಬಿಳಿ. ನಾವು ಹೊಲಿದ 10 ಚೌಕಗಳಿಗೆ ಬೇಕೆಂದೇ ಹಸಿರು ದಾರ ಬಳಸಿದೆವು. ಯಾವುದು ಯಾರ ಕೈಯದು ಎಂಬುದು ಮುಂದಿನವರಿಗೂ ತಿಳಿಯಲಿ ಎಂದು. ಹಿಂಬದಿಯ ಮೂಲೆಯಲ್ಲಿ ಅವ್ವನ ಹೆಸರು, ಊರು, ನಮ್ಮ ಹೆಸರುಗಳು, ಮುಗಿಸಿದ ವರ್ಷ ಇವನ್ನೂ ದಾರದಲ್ಲೇ ಬರೆದೆವು. ಶಾಯಿಯ ಪೆನ್ನು ಇದಕ್ಕೆ ಸಲ್ಲದು.

ಎತ್ತಿಡುವುದಾದರೆ ಪ್ಲಾಸ್ಟಿಕ್ ಚೀಲ ಬಿಟ್ಟು, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಂಜಿ ಹಾಕದೆ ಇಡಬೇಕು. ವರ್ಷಕ್ಕೆರಡು ಬಾರಿ ಬಿಚ್ಚಿ ನೆರಳಿನಲ್ಲಿ ಗಾಳಿಗೆ ಹರಡಿ, ಮಡಿಕೆ ಬದಲಿಸಬೇಕು. ನಮ್ಮದು ಆ ಹಂತಕ್ಕೆ ಹೋಗಿಲ್ಲ. ತಂಗಿಯ ಮಗ ಅದನ್ನೇ ಹೊದ್ದು ಮಲಗುತ್ತಾನೆ. ಕಳೆದ ಚಳಿಗಾಲದಲ್ಲಿ ತುಕ್ಕಿನ ಕಲೆಯ ಪಕ್ಕ ಬಟ್ಟೆ ಹರಿಯಿತು. ತಂಗಿ ಹಸಿರು ದಾರದಲ್ಲಿ ತೇಪೆ ಹಾಕಿದ್ದಾಳೆ. ಅದೂ ತುಸು ಡೊಂಕಾಗಿಯೇ ಇದೆ.