ಕಳ್ಳಪದದ ಜಾಡು ಹಿಡಿದು

ಎದುರು ನಿಂತು ಕಿತ್ತುಕೊಂಡವನು ದರೋಡೆಕೋರ, ಸುಲಿದವನು ಸುಲಿಗೆಕೋರ. ಅವರನ್ನು ನಾವು ಬರಿಯ ಕಳ್ಳರೆಂದು ಬಿಡುವುದಿಲ್ಲ. ಮೈಗಳ್ಳನಾದರೋ ಯಾರ ಗಂಟನ್ನೂ ಮುಟ್ಟಿದವನಲ್ಲ, ಕೆಲಸದ ಹೊತ್ತಿಗೆ ತನ್ನ ಮೈಯನ್ನೇ ಮರೆಗೆ ಸರಿಸಿದವನು, ಆದರೂ ಕಳ್ಳನೇ. ಪದಪ್ರಿಯರಾದ ನಮಗೆ ಇಷ್ಟು ಸುಳಿವು ಸಾಕು: ಈ ಮಾತಿನ ಜೀವ ಒಯ್ಯುವುದಕ್ಕಿಂತ ಮರೆಸುವುದರಲ್ಲಿದೆ.

ಹಳಗನ್ನಡದ ಧಾತು ‘ಕಳ್’. ಅದರ ‘ಕಳ್ದು’ ಸವೆದು ‘ಕದ್ದು’ ಆದದ್ದೇ, ಕದ್ದು ನೋಡುವ, ಕದ್ದು ಕೇಳುವ, ಕದ್ದುಮುಚ್ಚಿ ತಿನ್ನುವ ನಮ್ಮೆಲ್ಲರ ಗುಟ್ಟಿನ ಕ್ರಿಯಾವಿಶೇಷಣವಾಗಿ ನಿಂತಿತು. ದಾಯಾದಿ ನುಡಿಗಳಲ್ಲಿ ಈ ಛಾಯೆ ಇನ್ನೂ ದಟ್ಟ: ಮಲಯಾಳಿಗಳಿಗೆ ‘ಕಳ್ಳಂ’ ಎಂದರೆ ಸುಳ್ಳು, ತಮಿಳರಿಗೆ ಕಪಟ, ತೊಲ್ಕಾಪ್ಪಿಯಂ ಬಲ್ಲವರಿಗೆ ‘ಕಳವು’ ಮದುವೆಗೆ ಮುಂಚಿನ ಗುಪ್ತ ಪ್ರಣಯ. ಕುಡಿಯುವ ಕಳ್ಳು ಮಾತ್ರ ಬೇರೆ ಬೇರಿನದು.

ಕನ್ನಡದಲ್ಲಿ ಸಮಾಸಗಳು ಹಬ್ಬಿದ ಬಗೆ ನೋಡಿ: ಕಳ್ಳನಿದ್ದೆ, ಕಳ್ಳನೋಟ, ಕಳ್ಳದಾರಿ, ಕಳ್ಳಬಸಿರು, ಕಳ್ಳಭಟ್ಟಿ, ಕಳ್ಳತೂಕ, ಕಳ್ಳನೋಟು. ಬಿಳಿಚೋಡಿನಿಂದ ಜಗಳೂರಿಗೋ ದಾವಣಗೆರೆಗೋ ಶೇಂಗಾ, ಮೆಕ್ಕೆಜೋಳ ಮಾರಲು ಹೊರಟ ರೈತ ಅಂಗಿಯೊಳಗೆ ಹೊಲಿಸಿಕೊಂಡ ಕಳ್ಳಜೇಬು ಇನ್ನೂ ಸೊಗಸು. ಕಳ್ಳನಿಂದ ಕಾಯಬೇಕಾದ ಜೇಬಿಗೂ ಕಳ್ಳನದೇ ಹೆಸರು!

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಈ ಪದಕ್ಕೆ ಭೀಕರವಾದೊಂದು ವಿಶೇಷಣ ಅಂಟಿತು. ದಕ್ಷಿಣದ ಹೆದ್ದಾರಿಗಳಲ್ಲಿ ಪಯಣಿಗರ ಕೊರಳಿಗೆ ಉರುಳು ಬಿಗಿಯುತ್ತಿದ್ದವರ ಬಗ್ಗೆ ಮದರಾಸಿನ ಡಾ. ಶೆರ್ವುಡ್ 1816ರಲ್ಲಿ ಬರೆದ ಲೇಖನ, ಕನ್ನಡಿಗರು ಅವರನ್ನು ‘ತಂತಿಕಳ್ಳರು’ ಎನ್ನುತ್ತಿದ್ದುದನ್ನು ದಾಖಲಿಸಿತು. ಕೊಲೆಗಡುಕರು ಎನ್ನದೆ ಕಳ್ಳರು ಎಂದದ್ದೇಕೆ? ತಾವೂ ಅದೇ ಊರಿಗೆ ಹೊರಟವರೆಂದು ನಂಬಿಸಿ, ಜೊತೆಗೂಡಿ ಹರಟಿ, ಸಮಯ ಸಾಧಿಸಿ ಉರುಳು ಹಾಕುವುದೇ ಅವರ ಕಸುಬು. ಕೊರಳಿಗೆ ತಂತಿ ಬೀಳುವ ಮೊದಲು ಕಣ್ಣಿಗೆ ಮಣ್ಣು ಬಿದ್ದಿರುತ್ತಿತ್ತು. ಉತ್ತರದವರು ಇಂಥವರನ್ನೇ ‘ಠಗ್’ ಎಂದರು. ಮುಂದೆ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 1839ರಲ್ಲಿ ಪ್ರಕಟಿಸಿದ ಕಾದಂಬರಿ ಆ ಹೆಸರನ್ನು ಇಂಗ್ಲೆಂಡಿನ ಮನೆಮನೆಗೆ ಮುಟ್ಟಿಸಿತು. ನಮ್ಮ ‘ಠಕ್ಕ’ನೂ ಅದೇ ಬಳಗದವನು, ಮೂಲ ಸಂಸ್ಕೃತದ ‘ಸ್ಥಗ್’, ಅರ್ಥ ಮುಚ್ಚು, ಮರೆಮಾಡು. ಸಭೆ ‘ಸ್ಥಗಿತ’ವಾಯಿತು ಎನ್ನುವಾಗ ನಾವು ಠಕ್ಕನ ಒಡಹುಟ್ಟನ್ನೇ ಉಚ್ಚರಿಸುತ್ತಿರುತ್ತೇವೆ, ‘ಮುಚ್ಚಿದ’ ಎಂಬರ್ಥ ‘ನಿಂತ’ ಎಂಬುದಕ್ಕೆ ಜಾರಿದೆ, ಅಷ್ಟೆ.

ಹೀಗೆ ದ್ರಾವಿಡದ ಕಳ್ಳನೂ ಸಂಸ್ಕೃತದ ಠಕ್ಕನೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಮರೆಯಲ್ಲಿ ಕೂಡಿದರು. ಈ ನಂಟಿಗೆ ನಮ್ಮ ಗಾದೆಯೇ ಸಾಕ್ಷಿ: ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಾಯಿ ಆ ವೇಳೆಗೆ ಹುಳಿಯಾಗಿ ಹೊಟ್ಟೆ ಸೇರಿದ್ದರೂ ಸೇರಿರಬಹುದು. ಅವನು ಸಿಕ್ಕಿಬಿದ್ದದ್ದು ಹೆಗಲ ಮೇಲಿನ ಬೂದಿಯನ್ನು ಮರೆಸಲು ಹೋಗಿ.