ಗರಿಷ್ಠ ವಿಳಂಬದ ಭರವಸೆ: ಕಾರ್ಖಾನೆಯ ಜಾಲ ಮತ್ತು ಮನೆಯ ಇಂಟರ್ನೆಟ್

ಜಾಲದ ವಿಳಂಬವನ್ನು ಸರಾಸರಿಯಲ್ಲಿ ಹೇಳುವ ರೂಢಿ ಕಾರ್ಖಾನೆಯಲ್ಲಿ ನಡೆಯುವುದಿಲ್ಲ. ಹಲವು ಮೋಟಾರುಗಳು ಒಂದೇ ಲಯದಲ್ಲಿ ತಿರುಗಬೇಕಾದ ಮುದ್ರಣಯಂತ್ರದಲ್ಲಿ ಒಂದು ಆದೇಶ ತಡವಾದರೂ ಕಾಗದ ಹರಿಯಬಹುದು. ಅಲ್ಲಿ ಬೇಕಾದದ್ದು ಗರಿಷ್ಠ ವಿಳಂಬ ಎಷ್ಟೆಂಬ ಖಚಿತ ಲೆಕ್ಕ. ಆ ಲೆಕ್ಕಕ್ಕೆ ಗಣಿತದ ಬುನಾದಿ ಹಾಕಿದವರು ರೆನೆ ಕ್ರೂಜ್. ಜಾಲವಿಳಂಬದ ಕಲನಶಾಸ್ತ್ರ ಕುರಿತ ಅವರ ಪ್ರಬಂಧಗಳು 1991ರಲ್ಲಿ ಬಂದವು.

ಈಥರ್ನೆಟ್‌ನಲ್ಲಿ ಈ ಭರವಸೆಯನ್ನು ಸಾಧಿಸುವ ಮುಖ್ಯ ಉಪಾಯ ಐಇಇಇ 802.1ಕ್ಯೂಬಿವಿ ಮಾನಕ. ಸ್ವಿಚ್‌ನ ಪ್ರತಿ ಸರತಿಗೂ ಒಂದು ಗೇಟ್ ಇದ್ದು, ವೇಳಾಪಟ್ಟಿಯಂತೆ ತೆರೆದು ಮುಚ್ಚುತ್ತದೆ; ತುರ್ತು ಫ್ರೇಮುಗಳ (ದತ್ತಾಂಶದ ಕಂತುಗಳ) ಸರದಿಯಲ್ಲಿ ಉಳಿದವುಗಳ ಗೇಟ್ ಮುಚ್ಚಿರುತ್ತದೆ. ಇದಕ್ಕೆ ಎಲ್ಲ ಸ್ವಿಚ್‌ಗಳ ಗಡಿಯಾರಗಳೂ ಹೊಂದಿಕೊಂಡಿರಬೇಕು, 802.1ಎಎಸ್ ಮಾನಕದ ಗುರಿ, ಏಳು ಹಂತಗಳವರೆಗೆ 1 ಮೈಕ್ರೋಸೆಕೆಂಡಿನೊಳಗಿನ ಹೊಂದಾಣಿಕೆ. ತೊಡಕಿರುವುದು ಗೇಟ್ ಬದಲಾಗುವ ಕ್ಷಣದಲ್ಲಿ. ಆಗಷ್ಟೇ ಹೊರಟ ಸಾಮಾನ್ಯ ಫ್ರೇಮನ್ನು ನಡುವೆ ತಡೆಯುವಂತಿಲ್ಲ, ಆದ್ದರಿಂದ ಅದು ಮುಗಿಯುವಷ್ಟು ಹೊತ್ತು ಮೊದಲೇ ಮಾರ್ಗವನ್ನು ಖಾಲಿ ಇಡಬೇಕು. 100 ಎಂಬಿಪಿಎಸ್ ಕೊಂಡಿಯಲ್ಲಿ 1,500 ಬೈಟ್ ಹೊತ್ತ ಫ್ರೇಮಿಗೆ ಸುಮಾರು 123 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಯಂತ್ರದ ಆವರ್ತ 250 ಮೈಕ್ರೋಸೆಕೆಂಡ್ ಆಗಿದ್ದರೆ ಹೆಚ್ಚುಕಡಿಮೆ ಅರ್ಧ ಸಾಮರ್ಥ್ಯ ಈ ಕಾಯುವಿಕೆಗೇ ಹೋಯಿತು! ಫ್ರೇಮನ್ನು ತುಂಡರಿಸಿ, ತುರ್ತಿನದು ಸಾಗಿದ ಮೇಲೆ ಉಳಿದದ್ದನ್ನು ಕಳಿಸುವ ವಿಧಾನ 802.1ಕ್ಯೂಬಿಯು ಮತ್ತು 802.3ಬಿಆರ್ ಮಾನಕಗಳಲ್ಲಿ ಬಂದದ್ದು ಇದಕ್ಕಾಗಿಯೇ. ಅದರಿಂದ ಕಾಯುವಿಕೆ ಸುಮಾರು 12 ಮೈಕ್ರೋಸೆಕೆಂಡಿಗೆ ಇಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಸೊಗಸಾದ ಪರಿಹಾರ ಇದು.

ಇದೇ ಭರವಸೆಯನ್ನು ಮನೆಯ ಇಂಟರ್ನೆಟ್‌ಗೂ ಕೊಡಬಹುದೆನ್ನುವ ಮಾತಿಗೆ ಆಧಾರ ಸಾಲದು. ಇಂಟರ್ನೆಟ್ ಮಾನಕಗಳನ್ನು ರೂಪಿಸುವ ಐಇಟಿಎಫ್‌ನ, ವಿಳಂಬಕ್ಕೆ ಮಿತಿ ಖಾತರಿಪಡಿಸುವ ಡೆಟ್‌ನೆಟ್ ವಿನ್ಯಾಸ (ಆರ್‌ಎಫ್‌ಸಿ 8655, 2019) ತನ್ನ ವ್ಯಾಪ್ತಿಯನ್ನು ಒಂದೇ ಆಡಳಿತದ ಅಥವಾ ಆಡಳಿತಗಳ ಮುಚ್ಚಿದ ಗುಂಪಿನ ಜಾಲಗಳಿಗೆ ಸೀಮಿತಗೊಳಿಸಿ, ಇಂಟರ್ನೆಟ್ಟನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಕಾರಣ ಸರಳ: ಪ್ರತಿ ಹರಿವಿಗೂ ಮಾರ್ಗದುದ್ದಕ್ಕೂ ಜಾಗ ಕಾಯ್ದಿರಿಸಬೇಕು, ಪರಸ್ಪರ ಸ್ವತಂತ್ರವಾದ ಸಾವಿರಾರು ಸಂಸ್ಥೆಗಳ ನಡುವೆ ಅದನ್ನು ಮಾಡಿಸುವವರಾರು?

ಮನೆಯ ವಿಡಿಯೋ ಕರೆಯನ್ನು ಕೆಡಿಸುವುದು ಬಹುಮಟ್ಟಿಗೆ ರೌಟರ್, ಮೋಡೆಮ್‌ಗಳಲ್ಲಿ ಉಬ್ಬಿದ ಸರತಿ. ಅದಕ್ಕೆ ಮದ್ದೂ ಬೇರೆ. 2023ರ ಎಲ್4ಎಸ್ ವಿಧಾನ (ಆರ್‌ಎಫ್‌ಸಿ 9330) ದಟ್ಟಣೆ ತಲೆದೋರುತ್ತಿದ್ದಂತೆಯೇ ಪ್ಯಾಕೆಟ್‌ಗೆ ಗುರುತು ಹಾಕಿ, ಕಳಿಸುವವರ ವೇಗ ತಗ್ಗಿಸುತ್ತದೆ. ಅದು ಹೇಳುವ ಸರತಿ ವಿಳಂಬ ಸರಾಸರಿ 1 ಮಿಲಿಸೆಕೆಂಡಿಗಿಂತ ಕಡಿಮೆ, ಶೇ. 99ರಷ್ಟು ಪ್ಯಾಕೆಟ್‌ಗಳಿಗೆ ಸುಮಾರು 2ರ ಒಳಗೆ. ಉಳಿದ ಶೇ. 1ರ ಬಗ್ಗೆ ಅದು ಮಾತು ಕೊಡುವುದಿಲ್ಲ. ಕರೆಗೆ ಅಷ್ಟು ಸಾಕು, ಮುದ್ರಣಯಂತ್ರಕ್ಕೆ ಸಾಲದು. ಈ ಗುರುತು ಫಲಿಸಲು ಅತಿ ಕಿರಿದಾದ ಕೊಂಡಿಯಲ್ಲಿರುವ ಸಾಧನವೂ ಎರಡು ತುದಿಗಳ ತಂತ್ರಾಂಶವೂ ಅದನ್ನು ಅರಿತಿರಬೇಕು. ಆ ಕೊಂಡಿಯಲ್ಲಿ ಹಳೆಯ ಸಾಧನವೇ ಉಳಿದರೆ ಸರತಿ ಅಲ್ಲಿ ಮೊದಲಿನಂತೆಯೇ ಬೆಳೆಯುತ್ತದೆ.