ಆಪ್ಟಿಮೈಸರ್ ಕಣ್ಣಿಗೆ ಬೀಳದ ಫಂಕ್ಷನ್

ಒಂದೇ ಲೆಕ್ಕವನ್ನು ಹತ್ತು ಕಡೆ ಬರೆಯಬೇಡಿ, ಫಂಕ್ಷನ್ ಮಾಡಿಟ್ಟು ಕರೆಯಿರಿ ಎಂಬುದು ಪ್ರೋಗ್ರಾಮಿಂಗ್‌ನ ಮೊದಲ ಪಾಠಗಳಲ್ಲೊಂದು. ಡೇಟಾಬೇಸ್‌ನಲ್ಲಿ ಈ ಪಾಠ ಪಾಲಿಸಿದವರು ದಶಕಗಟ್ಟಲೆ ದಂಡ ತೆತ್ತಿದ್ದಾರೆ. ತೆರಿಗೆ ಲೆಕ್ಕ ಹಾಕುವ ಪುಟ್ಟ ಫಂಕ್ಷನ್ನನ್ನು ಹತ್ತು ಲಕ್ಷ ಸಾಲುಗಳ ಟೇಬಲ್ ಮೇಲೆ ಕರೆದರೆ ಅದು ಹತ್ತು ಲಕ್ಷ ಸಲ ಓಡುತ್ತದೆ. ಅದರೊಳಗೆ ಒಂದು ಸೆಲೆಕ್ಟ್ ಇದ್ದರೆ ಅಷ್ಟೇ ಸಂಖ್ಯೆಯ ಮರಿ ಕ್ವೆರಿಗಳು ಹುಟ್ಟುತ್ತವೆ.

ಎಸ್‌ಕ್ಯೂಎಲ್‌ನಲ್ಲಿ ನಾವು ಏನು ಬೇಕೆಂದಷ್ಟೇ ಹೇಳುತ್ತೇವೆ, ಹೇಗೆ ತರುವುದೆಂದು ಆಪ್ಟಿಮೈಸರ್ ತೀರ್ಮಾನಿಸುತ್ತದೆ. ಫಂಕ್ಷನ್ ಮಾತ್ರ ಮುಚ್ಚಿದ ಪೆಟ್ಟಿಗೆ. ಒಳಗಿನ ಇಫ್, ವೈಲ್‌ಗಳು ಆಪ್ಟಿಮೈಸರ್‌ಗೆ ಕಾಣುವುದಿಲ್ಲ.

ಬಳಕೆದಾರರೇ ಬರೆದ ಫಂಕ್ಷನ್‌ಗಳಿಗೆ 1986ರ ಪೋಸ್ಟ್‌ಗ್ರೆಸ್ ವಿನ್ಯಾಸದಲ್ಲೇ ಜಾಗವಿತ್ತು. 1993ರಲ್ಲಿ ಹೆಲರ್‌ಸ್ಟೈನ್ ಮತ್ತು ಸ್ಟೋನ್‌ಬ್ರೇಕರ್ ಒಂದು ಹಳೆಯ ನಂಬಿಕೆಯನ್ನು ಪ್ರಶ್ನಿಸಿದರು. ಸೋಸುವ ಷರತ್ತನ್ನು ಆದಷ್ಟು ಬೇಗ ಹಚ್ಚಬೇಕೆಂಬ ನಿಯಮ ದುಬಾರಿ ಫಂಕ್ಷನ್‌ಗೆ ಒಪ್ಪದು, ಜಾಯಿನ್ ಆದಮೇಲೆ ಹಚ್ಚುವುದೇ ಕೆಲವೊಮ್ಮೆ ಲಾಭ ಎಂದು ತೋರಿಸಿದರು. ಆದರೂ ಪೆಟ್ಟಿಗೆಯ ಬೆಲೆ ತಿಳಿಯಿತೇ ಹೊರತು ಮುಚ್ಚಳ ತೆರೆಯಲಿಲ್ಲ.

ಒರಾಕಲ್‌ನಲ್ಲಿ ಎಸ್‌ಕ್ಯೂಎಲ್ ಮತ್ತು ಪಿಎಲ್/ಎಸ್‌ಕ್ಯೂಎಲ್ ಎಂಜಿನ್‌ಗಳ ನಡುವಿನ ಓಡಾಟವೇ ಭಾರವಾಗಿತ್ತು. 2013ರ 12ಸಿ ಆವೃತ್ತಿ ಅದನ್ನು ಹಗುರ ಮಾಡಲು ವಿಶೇಷ ಪ್ರಾಗ್ಮಾ ಕೊಟ್ಟಿತು. ಹೆಚ್ಚು ಬೈಗುಳ ತಿಂದದ್ದು ಎಸ್‌ಕ್ಯೂಎಲ್ ಸರ್ವರ್. ಅದರ 2000ದ ಆವೃತ್ತಿಯಲ್ಲಿ ಬಂದ ಸ್ಕೇಲಾರ್ ಫಂಕ್ಷನ್ ಸಾಲಿಗೊಮ್ಮೆ ಓಡುವುದಷ್ಟೇ ಅಲ್ಲ, ಇಡೀ ಕ್ವೆರಿ ಹಲವು ಕೋರ್‌ಗಳಲ್ಲಿ ಹಂಚಿಕೊಂಡು ಓಡುವುದನ್ನೂ ತಡೆಯುತ್ತಿತ್ತು. ಇನ್ನೂ ಕೆಟ್ಟದ್ದೆಂದರೆ ಈ ಹೊರೆ ಎಕ್ಸಿಕ್ಯೂಷನ್ ಪ್ಲಾನ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆಯೆಂದೇ ಕಾಣುತ್ತಿತ್ತು, ಒಳಗೆ ಓದಿದ ಪುಟಗಳು ಐಒ ಅಂಕಿಅಂಶದಲ್ಲಿ ಬರುತ್ತಲೇ ಇರಲಿಲ್ಲ. ಕಳ್ಳನನ್ನು ಅಡಗಿಸಿಟ್ಟು ಹುಡುಕಲು ಹೇಳಿದಂತೆ! ಹಲವು ಹೇಳಿಕೆಗಳ ಟೇಬಲ್ ಫಂಕ್ಷನ್‌ಗಳದ್ದು ಬೇರೆ ಕಥೆ: ಎಷ್ಟೇ ಸಾಲು ಬರಲಿ, ಆಪ್ಟಿಮೈಸರ್‌ನ ಅಂದಾಜು ಒಂದೇ ಸಾಲು. 2014ರಲ್ಲಿ ಅದು 100 ಆಯಿತು. ನಿಜವಾದ ಸಂಖ್ಯೆ ನೋಡಿ ಪ್ಲಾನ್ ತಿದ್ದುವ ವ್ಯವಸ್ಥೆ ಬಂದದ್ದು 2017ರಲ್ಲಿ. ವ್ಯೂ ಹಾಗೆ ಕ್ವೆರಿಯೊಳಗೆ ಬಿಚ್ಚಿಕೊಳ್ಳುವ ಇನ್‌ಲೈನ್ ಟೇಬಲ್ ಫಂಕ್ಷನ್ ಮಾತ್ರ ಈ ತೊಂದರೆಯಿಂದ ಪಾರಾಗಿತ್ತು.

ಅಲ್ಲಿಯವರೆಗಿನ ಸಲಹೆ ಒಂದೇ: ಫಂಕ್ಷನ್ ಬಳಸಬೇಡಿ. ನನ್ನ ದೃಷ್ಟಿಯಲ್ಲಿ ಇದು ಎಂಜಿನ್‌ನ ಕೊರತೆಯನ್ನು ಪ್ರೋಗ್ರಾಮರ್ ತಲೆಗೆ ಕಟ್ಟಿದ ಅನ್ಯಾಯ.

ಈ ಕೊರತೆಯನ್ನು ಸಂಶೋಧನೆಯ ಪ್ರಶ್ನೆಯಾಗಿ ಹಿಡಿದವರಲ್ಲಿ ಮುಂಬೈ ಐಐಟಿ ಗುಂಪು ಪ್ರಮುಖವಾದುದು. ಡೇಟಾಬೇಸ್ ಪಠ್ಯಪುಸ್ತಕದಿಂದ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರಿಚಿತರಾದ ಎಸ್. ಸುದರ್ಶನ್, ರವೀಂದ್ರ ಗುರವಣ್ಣವರ್ ಜೊತೆ 2008ರಲ್ಲಿ, ಒಂದೊಂದಾಗಿ ಬರುವ ಕರೆಗಳನ್ನು ಕಟ್ಟುಕಟ್ಟಾಗಿ ನಡೆಸುವ ದಾರಿ ತೋರಿದರು. ಅಲ್ಲಿಯೇ ಪಿಎಚ್‌ಡಿ ಮಾಡಿದ ಕಾರ್ತಿಕ್ ರಾಮಚಂದ್ರ ಮುಂದೆ ಮೈಕ್ರೋಸಾಫ್ಟ್‌ನಲ್ಲಿ ಸಹೋದ್ಯೋಗಿಗಳೊಂದಿಗೆ ಫ್ರಾಯ್ಡ್ ಎಂಬ ವ್ಯವಸ್ಥೆ ರೂಪಿಸಿದರು. ಫಂಕ್ಷನ್‌ನ ಪ್ರತಿ ಅಸೈನ್‌ಮೆಂಟ್ ಇಲ್ಲಿ ರಿಲೇಷನಲ್ ಅಭಿವ್ಯಕ್ತಿಯಾಗುತ್ತದೆ, ಇಫ್ ಎಂಬುದು ಕೇಸ್ ಆಗುತ್ತದೆ, ಅಪ್ಲೈ ಎಂಬ ಆಪರೇಟರ್ ಇವನ್ನೆಲ್ಲ ಹೊಲಿಯುತ್ತದೆ. ಕೊನೆಗೆ ಉಳಿಯುವುದು ಒಂದೇ ದೊಡ್ಡ ಕ್ವೆರಿ. ಅದನ್ನು ಜಾಯಿನ್‌ಗಳಾಗಿ ಮಾರ್ಪಡಿಸುವುದು ಆಪ್ಟಿಮೈಸರ್‌ಗೆ ಗೊತ್ತಿರುವ ವಿದ್ಯೆಯೇ. ಪ್ರಬಂಧ 2017ರಲ್ಲಿ ಪ್ರಕಟವಾಯಿತು, ಸೌಲಭ್ಯ ಎಸ್‌ಕ್ಯೂಎಲ್ ಸರ್ವರ್ 2019ರಲ್ಲಿ ಬಂತು. ಬರೆದ ಕೋಡ್‌ನ ಒಂದಕ್ಷರವನ್ನೂ ಮುಟ್ಟದೆ ಕ್ವೆರಿಗಳು ಹತ್ತಾರು, ನೂರಾರು ಪಟ್ಟು ವೇಗ ಪಡೆದವು.

ಲೂಪ್‌ಗಳು ಫ್ರಾಯ್ಡ್‌ಗೆ ದಕ್ಕಲಿಲ್ಲ. 2020ರಲ್ಲಿ ಅಗ್ಗಿಫೈ ಎಂಬ ತಂತ್ರ ಕರ್ಸರ್ ಲೂಪನ್ನು ಅಗ್ರಿಗೇಟ್ ಆಗಿಸಿತು. ಅದೇ ವರ್ಷ ಜರ್ಮನಿಯ ಟ್ಯೂಬಿಂಗನ್ ತಂಡ ಪಿಎಲ್/ಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನು ಲೂಪ್ ಸಮೇತ ರಿಕರ್ಸಿವ್ ಕ್ವೆರಿಯಾಗಿಸಿತು. 2024ರಲ್ಲಿ ಕಾರ್ನೆಗಿ ಮೆಲನ್ ಮತ್ತು ಟ್ಯೂಬಿಂಗನ್ ಸಂಶೋಧಕರು, ಬಿಚ್ಚಿದ ಕ್ವೆರಿ ವಿಪರೀತ ಜಟಿಲವಾದರೆ ಆಪ್ಟಿಮೈಸರ್‌ಗಳೇ ಸೋಲುತ್ತವೆಂದು ತೋರಿಸಿ, ಮತ್ತೆ ಕಟ್ಟುಕಟ್ಟಾಗಿ ನಡೆಸುವ ದಾರಿಯತ್ತ ತಿರುಗಿದರು.

ಎಸ್‌ಕ್ಯೂಎಲ್ ಸರ್ವರ್ ಬಳಸುವವರು ಫ್ರಾಯ್ಡ್ ಸೌಲಭ್ಯ ಸಿಗಲು ಡೇಟಾಬೇಸ್‌ನ ಹೊಂದಾಣಿಕೆ ಮಟ್ಟ 150 ಅಥವಾ ಮೇಲಿದೆಯೇ ನೋಡಿಕೊಳ್ಳಿ. ಫಂಕ್ಷನ್ ಒಳಗೆ ಗೆಟ್‌ಡೇಟ್ ಇದ್ದರೆ ಅದು ಬಿಚ್ಚಿಕೊಳ್ಳುವುದಿಲ್ಲ, ದಿನಾಂಕವನ್ನು ಹೊರಗಿನಿಂದ ಪ್ಯಾರಾಮೀಟರ್ ಆಗಿ ಕಳಿಸಿ.